ಕಡಲು ನಿಜಕ್ಕೂ ಏರುತ್ತಿದೆಯಾ? ಅಳೆದು ನೋಡುವುದು ಹೇಗೆ

ನಮ್ಮ ಕಾಸರಗೋಡಿನ ಕಡೆ ಕಡಲು ಏರಿದ್ದಕ್ಕೆ ಸಾಕ್ಷಿ ಕೇಳಿದರೆ ಎಲ್ಲರೂ ನೀರಿನ ಕಡೆಗೇ ಕೈ ತೋರಿಸುತ್ತಾರೆ. "ಅಗೋ, ಅಲ್ಲಿ ಮೂರು ಸಾಲು ತೆಂಗು ಇತ್ತು." ಈಗ ಅಲ್ಲಿ ಅಲೆ ಒಡೆಯುತ್ತದೆ. ಮಂಜೇಶ್ವರಕ್ಕೆ ಹೋಗಿ, ಉಪ್ಪಳಕ್ಕೆ ಹೋಗಿ, ಕುಂಬಳೆಗೆ ಹೋಗಿ, ಇದೇ ಮಾತು. ತೆಂಗು ಹೋದದ್ದು ಸುಳ್ಳಲ್ಲ. ಆದರೆ ಅದು ಕಡಲಿನ ಮಟ್ಟ ಏರಿದ್ದಕ್ಕೆ ಸಾಕ್ಷಿಯಾ?

ಧಕ್ಕೆಯಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು: "ನೀರು ಮೇಲೆ ಬಂದದ್ದಲ್ಲ ಮಾಷ್ಟ್ರೇ, ಮರಳು ಹೋದದ್ದು."

ಅವರ ಮಾತಲ್ಲಿ ಮುಕ್ಕಾಲು ಪಾಲು ನಿಜವಿದೆ. ಉಳಿದ ಕಾಲು ಪಾಲನ್ನು ಹಿಡಿಯುವುದಕ್ಕೆ ವಿಜ್ಞಾನಿಗಳು ನೂರಾರು ವರ್ಷದಿಂದ ಒದ್ದಾಡುತ್ತಿದ್ದಾರೆ. ಅವರು ಅದನ್ನು ಹೇಗೆ ಮಾಡುತ್ತಾರೆ ಎಂದು ಹಂತ ಹಂತವಾಗಿ ಹೇಳುತ್ತೇನೆ. ಅದರಲ್ಲಿ ಕೆಲವು ಹೆಜ್ಜೆಗಳನ್ನು ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ನಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿದ್ದೇನೆ. ಕೆಡಿಸಿದ್ದನ್ನೂ ಹೇಳುತ್ತೇನೆ, ನಿಮಗೆ ಸಮಯ ಉಳಿಯುತ್ತದೆ.

ಮೊದಲು ಗಾತ್ರ ಗೊತ್ತಿರಲಿ

ಇಡೀ ಲೋಕದ ಸರಾಸರಿ ತೆಗೆದರೆ 1901ರಿಂದ 2018ರ ತನಕ ಕಡಲು ಏರಿದ್ದು ಸುಮಾರು 20 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಗೇಣು. ನೂರು ಚಿಲ್ಲರೆ ವರ್ಷಕ್ಕೆ ಒಂದು ಗೇಣು! ಈಚೆಗೆ ವೇಗ ಜಾಸ್ತಿಯಾಗಿದೆ. 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರ್. ನಮ್ಮ ಅರಬ್ಬಿ ಸಮುದ್ರವೂ ಸೇರಿದ ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರ ತನಕ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್. ಅದಕ್ಕೂ ಹಿಂದೆ, 1874ರಿಂದ 2004ರ ಲೆಕ್ಕದಲ್ಲಿ, ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್ ಮಾತ್ರ.

3.3 ಮಿಲಿಮೀಟರ್ ಅಂದರೆ ಕುಚ್ಚಲಕ್ಕಿಯ ಎರಡು ಕಾಳು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಇದೇ ಕಡಲು ದಿನಕ್ಕೆರಡು ಸಲ ಉಬ್ಬರ ಇಳಿತದಲ್ಲಿ ಮೀಟರಿಗೂ ಮೇಲೆ ಏರಿ ಇಳಿಯುತ್ತದೆ. ಅದರ ಮೇಲೆ ಅಲೆ ಬೇರೆ. ಕುಣಿಯುವ ಮಗುವನ್ನು ಗೋಡೆಗೆ ನಿಲ್ಲಿಸಿ ಕೂದಲೆಳೆಯಷ್ಟು ಬೆಳೆಯಿತಾ ಎಂದು ನೋಡಿದ ಹಾಗೆ. ಹಾಗಾಗಿ ಈ ಕೆಲಸದಲ್ಲಿ ಅಳೆಯುವುದಕ್ಕಿಂತ ಸೋಸುವುದೇ ಜಾಸ್ತಿ.

ಹೆಜ್ಜೆ 1: ಅಲುಗದ ಒಂದು ಮೊಳೆ

ನಾವು ಮೊದಲು ಮಾಡಿದ ತಪ್ಪು ಇಲ್ಲೇ. ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಒಂದು ಮರದ ಕಂಬಕ್ಕೆ ಬಿಳಿ ಪೇಂಟ್ ಬಳಿದು, ಸೆಂಟಿಮೀಟರ್ ಗೆರೆ ಹಾಕಿದೆವು. ನಾಲ್ಕು ತಿಂಗಳು ಮಕ್ಕಳು ಸರದಿಯ ಮೇಲೆ ಓದಿ ಪುಸ್ತಕದಲ್ಲಿ ಬರೆದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಂಬ ಓರೆಯಾಗಿತ್ತು. ರಾತ್ರಿ ಯಾರೋ ದೋಣಿಯ ಹಗ್ಗವನ್ನು ಅದಕ್ಕೇ ಕಟ್ಟಿದ್ದರು. ಕಂಬವನ್ನು ನೆಟ್ಟಗೆ ಮಾಡಬಹುದಿತ್ತು, ಆದರೆ ಮೊದಲು ಸೊನ್ನೆ ಎಲ್ಲಿತ್ತು? ಯಾರಿಗೂ ಗೊತ್ತಿಲ್ಲ. ನಾಲ್ಕು ತಿಂಗಳ ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ಸಂಬಂಧವೇ ಹೋಯಿತು.

ಅಳತೆಗೋಲು ಮುರಿಯಲಿ, ಕೊಚ್ಚಿಹೋಗಲಿ, ಪರವಾಗಿಲ್ಲ. ಅದರ ಸೊನ್ನೆ ದಡದ ಮೇಲಿನ ಒಂದು ಗಟ್ಟಿ ಗುರುತಿಗಿಂತ ಎಷ್ಟು ಕೆಳಗಿದೆ ಎಂದು ಗೊತ್ತಿದ್ದರೆ ಸಾಕು. ಇದಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಎರಡನೆಯ ಸಲ ನಾವು ಅಲೆತಡೆಯ ಒಳಗಿನ ಧಕ್ಕೆಗೆ ಹೋದೆವು. ಕಾಂಕ್ರೀಟ್ ತಳಕ್ಕೆ ಸ್ಟೀಲ್ ಮೊಳೆ ಹೊಡೆದು, ಮೇಸ್ತ್ರಿಯೊಬ್ಬರ ಹತ್ತಿರ ಲೆವೆಲ್ ಪೈಪ್ ಕೇಳಿ ತಂದೆವು. ಅದೇ, ಮನೆ ಕಟ್ಟುವಾಗ ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು. ಒಂದು ತುದಿ ಮೊಳೆಯ ಹತ್ತಿರ, ಇನ್ನೊಂದು ತುದಿ ಅಳತೆಗೋಲಿನ ಹತ್ತಿರ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಟೇಪ್ ಹಿಡಿದು ಎರಡೂ ಕಡೆಯ ಅಂತರ ತೆಗೆದರೆ ಮುಗಿಯಿತು. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಎಲ್ಲವೂ ಸುಳ್ಳಾಗುತ್ತದೆ, ಬೆರಳಿನಿಂದ ತಟ್ಟಿ ಓಡಿಸಿ. ಮೂರು ಸಲ ಮಾಡಿ, ಮೂರೂ ಉತ್ತರ ಬರೆದಿಡಿ.

ಮೊಳೆ ಒಂದೇ ಸಾಲದು. ಕನಿಷ್ಠ ಮೂರು ಬೇಕು, ಬೇರೆ ಬೇರೆ ಕಟ್ಟಡದಲ್ಲಿ. ಒಂದು ಕೂತರೆ ಉಳಿದೆರಡು ಅದನ್ನು ಹೇಳಿಕೊಡುತ್ತವೆ. ಎರಡೇ ಇದ್ದರೆ ಯಾವುದು ಕೂತಿತು ಎಂದು ಜಗಳ. ಮತ್ತೊಂದು ಮಾತು, ಮುರಕಲ್ಲಿನ ಗೋಡೆಯನ್ನು ನಂಬಬೇಡಿ. ಎರಡು ಮಳೆಗಾಲ ಕಳೆದರೆ ಮೊಳೆಯ ಸುತ್ತ ಪುಡಿಯಾಗಿರುತ್ತದೆ. ಹಳೆಯ ಸೇತುವೆಯ ತಳ, ಗಟ್ಟಿ ಕಾಂಕ್ರೀಟ್ ಅಡಿಪಾಯ, ಸಿಕ್ಕಿದರೆ ಕರಿಕಲ್ಲಿನ ಬಂಡೆ. ಇವು ಒಳ್ಳೆಯವು.

ದೇಶದ ಲೆಕ್ಕದಲ್ಲೂ ಇದೇ ಕತೆ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಎಂಎಸ್‌ಎಲ್ ಎಂದು ಒಂದು ಸಂಖ್ಯೆ ಇರುತ್ತದಲ್ವಾ? ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು. ಯಾವ ಸಮುದ್ರ, ಯಾವಾಗಿನ ಮಟ್ಟ? ಸರ್ವೇ ಆಫ್ ಇಂಡಿಯಾದವರು ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ನೀರಿನ ಮಟ್ಟ ಓದಿ, ಅದರ ಸರಾಸರಿಯನ್ನು ಸೊನ್ನೆ ಎಂದು ಹಿಡಿದು, 1909ರ ಹೊತ್ತಿಗೆ ದೇಶಕ್ಕೆಲ್ಲ ಎತ್ತರದ ಜಾಲ ಹಾಕಿದರು. ಆ ಒಂಬತ್ತರಲ್ಲಿ ಕಾರವಾರವೂ ಇತ್ತು, ಕೋಯಿಕ್ಕೋಡಿನ ಪಕ್ಕದ ಬೇಪೂರೂ ಇತ್ತು. ನಾವು ಎರಡರ ನಡುವೆ. ಅಂದರೆ ಆ ಸೊನ್ನೆ ನೂರು ವರ್ಷಕ್ಕೂ ಹಳೆಯ ಕಡಲಿನದು. ಇವತ್ತಿನ ಕಡಲು ಅಲ್ಲಿಲ್ಲ.

ಹೆಜ್ಜೆ 2: ಅಲೆಯನ್ನು ನಿಲ್ಲಿಸುವುದು

ಬಯಲಲ್ಲಿ ಅಳತೆಗೋಲು ಓದಲು ಹೋದರೆ ನೀರು ಒಂದು ಕ್ಷಣವೂ ನಿಲ್ಲುವುದಿಲ್ಲ. ಅದಕ್ಕೆ ಹಳೆಯ ಉಪಾಯ ಒಂದಿದೆ. ಒಂದು ಉದ್ದ ಕೊಳವೆಯನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತಳದಲ್ಲಿ ಸಣ್ಣ ತೂತು ಬಿಡುವುದು. ಅಲೆ ಬಂದು ಹೋಗುವ ಕೆಲವೇ ಸೆಕೆಂಡಿನಲ್ಲಿ ತೂತಿನ ಮೂಲಕ ಒಳಗೆ ನುಗ್ಗುವ ನೀರು ತೀರಾ ಕಡಿಮೆ. ಹಾಗಾಗಿ ಒಳಗಿನ ನೀರು ಅಲೆಗೆ ಕುಣಿಯುವುದಿಲ್ಲ. ಉಬ್ಬರಕ್ಕೆ ಮಾತ್ರ ನಿಧಾನ ಏರುತ್ತದೆ. ತೂತಿನ ಅಗಲ ಕೊಳವೆಯ ಅಗಲದ ಹತ್ತನೇ ಒಂದು ಭಾಗ ಇದ್ದರೆ ಸರಿ ಎಂಬುದು ರೂಢಿಯ ಲೆಕ್ಕ. ನಾವು ಆರು ಇಂಚಿನ ಪಿವಿಸಿ ಪೈಪಿಗೆ ಅರ್ಧ ಇಂಚಿಗಿಂತ ಸ್ವಲ್ಪ ದೊಡ್ಡ ತೂತು ಕೊರೆದೆವು.

ಬಂದರುಗಳ ಹಳೆಯ ಯಂತ್ರಗಳೂ ಹೀಗೆಯೇ. ಕೊಳವೆಯೊಳಗೆ ತೇಲುಬುರುಡೆ, ಅದಕ್ಕೆ ತಂತಿ, ತಂತಿಯ ಇನ್ನೊಂದು ತುದಿಗೆ ಪೆನ್ನು, ಗಡಿಯಾರದ ಜೊತೆ ತಿರುಗುವ ಕಾಗದ. ನೀರೇ ತನ್ನ ಗೆರೆ ಬರೆಯುವ ಇಂಥ ಯಂತ್ರವನ್ನು 1830ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮಾಡಿದರು. ಅದಕ್ಕೂ ಮೊದಲು ಕಾವಲುಗಾರನೊಬ್ಬ ಗೋಲು ನೋಡಿ ಬರೆಯಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1700ರಿಂದಲೇ ಹಾಗೆ ಬರೆದಿಟ್ಟ ಲೆಕ್ಕ ಇದೆ. ಈಗ ಹೆಚ್ಚಾಗಿ ರಾಡಾರ್. ಕಂಬದ ತುದಿಯಿಂದ ಕೆಳಗೆ ಸಂಕೇತ ಬಿಟ್ಟು, ಅದು ನೀರಿಗೆ ತಾಗಿ ಮರಳುವ ಸಮಯದಿಂದ ದೂರ ಹೇಳುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸುನಾಮಿ ಎಚ್ಚರಿಕೆಗಾಗಿ ನಡೆಸುವ ಮಾಪಕಗಳು ನಮ್ಮ ಕರಾವಳಿಯ ಬಂದರುಗಳಲ್ಲೂ ಇವೆ.

ಮನೆಯಲ್ಲೇ ಎಲೆಕ್ಟ್ರಾನಿಕ್ಸ್ ಮಾಡುವವರು ಅಗ್ಗದ ಅಲ್ಟ್ರಾಸೋನಿಕ್ ಸೆನ್ಸರ್ ಹಾಕುತ್ತಾರೆ, ಸದ್ದು ಬಿಟ್ಟು ಅದು ಮರಳುವ ಸಮಯದಿಂದ ದೂರ ಹೇಳುವಂಥದ್ದು. ನಾವೂ ಹಾಕಿದೆವು. ಮಧ್ಯಾಹ್ನ ಆದ ಕೂಡಲೇ ಕಡಲು ಏರಿದ ಹಾಗೆ ತೋರಿಸುತ್ತಿತ್ತು. ಕಾರಣ, ಗಾಳಿ ಬಿಸಿಯಾದರೆ ಸದ್ದು ಬೇಗ ಓಡುತ್ತದೆ. ಬೇಗ ಮರಳಿತು ಅಂದರೆ ನೀರು ಹತ್ತಿರ ಇದೆ ಎಂದು ಸೆನ್ಸರಿನ ಲೆಕ್ಕ. ಮೂರು ಮೀಟರ್ ದೂರಕ್ಕೆ 10 ಡಿಗ್ರಿ ಬಿಸಿ ವ್ಯತ್ಯಾಸವಾದರೆ ಸುಮಾರು 5 ಸೆಂಟಿಮೀಟರ್ ತಪ್ಪು. ಹದಿನೈದು ವರ್ಷದ ಏರಿಕೆ ಒಂದೇ ಮಧ್ಯಾಹ್ನದಲ್ಲಿ! ಪಕ್ಕದಲ್ಲೇ ಒಂದು ಉಷ್ಣತೆಯ ಸೆನ್ಸರ್ ಇಟ್ಟು ತಿದ್ದಿಕೊಳ್ಳಿ. ತಿಂಗಳಿಗೊಮ್ಮೆ ತೂತಿನ ಬಾಯಿಗೆ ಅಂಟುವ ಸಣ್ಣ ಸಣ್ಣ ಚಿಪ್ಪುಗಳನ್ನು ಕೆರೆದು ತೆಗೆಯುವುದನ್ನೂ ಮರೆಯಬೇಡಿ.

ಹೆಜ್ಜೆ 3: ಯಾವಾಗ ಓದಬೇಕು

"ದಿನಾ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಓದೋಣ." ಶಿಸ್ತಿನ ಮಾತಿನ ಹಾಗೆ ಕೇಳುತ್ತದೆ. ನಾವು ಹಾಗೇ ಮಾಡಿ ಕೆಟ್ಟೆವು.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಏಳಕ್ಕೆ ಪೂರ್ತಿ ಉಬ್ಬರ ಇದ್ದರೆ ಒಂದು ವಾರ ಕಳೆದು ಅದೇ ಏಳಕ್ಕೆ ಇಳಿತ. ಇನ್ನೊಂದು ವಾರಕ್ಕೆ ಮತ್ತೆ ಉಬ್ಬರ. ನಮ್ಮ ಗ್ರಾಫಿನಲ್ಲಿ ಹದಿನೈದು ದಿನಕ್ಕೊಮ್ಮೆ ಏರಿ ಇಳಿಯುವ ಒಂದು ದೊಡ್ಡ ಅಲೆ ಬಂತು. ಕಡಲಿನಲ್ಲಿ ಅಂಥ ಅಲೆ ಇಲ್ಲ. ನಾವು ಓದಿದ ರೀತಿಯಿಂದ ಹುಟ್ಟಿದ್ದು ಅದು. ಓಡುವ ಫ್ಯಾನಿನ ಎಲೆಗಳು ವಿಡಿಯೋದಲ್ಲಿ ನಿಧಾನ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಅದೇ ಮೋಸ.

ಮೀನುಗಾರರಿಗೆ ಇದೆಲ್ಲ ಪುಸ್ತಕ ಇಲ್ಲದೇ ಗೊತ್ತು. ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ನಮ್ಮ ಕರೆಯಲ್ಲಿ ದಿನದ ಎರಡು ಉಬ್ಬರಗಳೂ ಒಂದೇ ಎತ್ತರ ಇರುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಆದ್ದರಿಂದ ದಿನಕ್ಕೊಂದು ಓದು ಸಾಲದು. ಕನಿಷ್ಠ ಗಂಟೆಗೊಂದು ಬೇಕು, ರಾತ್ರಿಯೂ. ಕೈಯಿಂದ ಮಾಡುವುದಾದರೆ ತಿಂಗಳಲ್ಲಿ ಒಂದೆರಡು ದಿನ ಆರಿಸಿಕೊಂಡು 25 ಗಂಟೆ ಬಿಡದೆ ಓದಿ. ಚಹದ ಫ್ಲಾಸ್ಕ್, ಟಾರ್ಚ್, ಕಂಬಳಿ, ಎರಡು ಪಾಳಿಯ ಜನ. ಉಳಿದ ದಿನಕ್ಕೆ ಸೆನ್ಸರ್ ಇರಲಿ.

ವಿಜ್ಞಾನಿಗಳು ಗಂಟೆಯ ಲೆಕ್ಕದಿಂದ ದಿನದ ಸರಾಸರಿ, ದಿನದಿಂದ ತಿಂಗಳ ಸರಾಸರಿ, ತಿಂಗಳಿಂದ ವರ್ಷದ ಸರಾಸರಿ ತೆಗೆಯುತ್ತಾರೆ. ಪ್ರತಿ ಸಲವೂ ಒಂದಷ್ಟು ಗದ್ದಲ ಜರಡಿಯಲ್ಲಿ ಉಳಿಯುತ್ತದೆ. ವರ್ಷದ ಸರಾಸರಿಯಲ್ಲೂ ಉಳಿಯುವ ಒಂದು ಇದೆ. ಚಂದ್ರನ ದಾರಿಯ ಓರೆ 18.6 ವರ್ಷಕ್ಕೊಮ್ಮೆ ಒಂದು ಸುತ್ತು ಬರುತ್ತದೆ, ಅದರ ಜೊತೆ ಉಬ್ಬರದ ಅಳತೆಯೂ ಚೂರು ಬದಲಾಗುತ್ತದೆ. ಸರಾಸರಿ ಸಮುದ್ರಮಟ್ಟ ಹೇಳುವಾಗ 19 ವರ್ಷದ ಲೆಕ್ಕ ಕೇಳುವುದು ಅದಕ್ಕೇ.

ಹೆಜ್ಜೆ 4: ಮಳೆಗಾಲ ಮಾಡುವ ಮೋಸ

ಇದು ನನಗೆ ತುಂಬಾ ಇಷ್ಟವಾದ ಭಾಗ. ಯಾಕೆಂದರೆ ಇಲ್ಲಿ ನಾನು ಹೇಳಿದ್ದೆಲ್ಲ ಉಲ್ಟಾ ಆಯಿತು.

ಜೂನ್ ಬರುವ ಮೊದಲೇ ಮಕ್ಕಳಿಗೆ ಹೇಳಿದ್ದೆ, ಮಳೆಗಾಲದಲ್ಲಿ ಗ್ರಾಫ್ ಮೇಲೆ ಹೋಗುತ್ತದೆ ನೋಡಿ ಎಂದು. ಮಳೆ ನೀರು, ಹೊಳೆ ನೀರು ಎಲ್ಲ ಕಡಲಿಗೇ ಅಲ್ವಾ? ಆಗಸ್ಟ್ ತಿಂಗಳ ಸರಾಸರಿ ಹಾಕಿದಾಗ ಗೆರೆ ಕೆಳಗಿಳಿದಿತ್ತು. ಸೆನ್ಸರ್ ಕೆಟ್ಟಿದೆ ಎಂದುಕೊಂಡೆ. ಲೆವೆಲ್ ಪೈಪ್ ಹಿಡಿದು ಮೊಳೆಯಿಂದ ಮತ್ತೆ ಅಳೆದೆವು. ಸೆನ್ಸರ್ ಸರಿಯಾಗಿಯೇ ಇತ್ತು.

ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಕಡಲಿನ ಸರಾಸರಿ ಮಟ್ಟ ಇಳಿಯುತ್ತದೆ. ಆಗ ದಡದ ಪಕ್ಕದ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಭೂಮಿ ತಿರುಗುವುದರಿಂದ ನಮ್ಮ ಗೋಳಾರ್ಧದಲ್ಲಿ ಹರಿಯುವ ನೀರು ಬಲಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಯಾವ ಕಡೆ? ಪಶ್ಚಿಮಕ್ಕೆ, ಕಡಲಿನ ಕಡೆಗೆ. ಮೇಲಿನ ನೀರು ದಡ ಬಿಟ್ಟು ಹೊರಗೆ ಸರಿಯುತ್ತದೆ, ಆ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಬರುತ್ತದೆ. ಈ ತಣ್ಣೀರಿನ ಜೊತೆ ಬರುವ ಸತ್ವದಿಂದಲೇ ಬೂತಾಯಿ ಕೊಬ್ಬುವುದು. ನವೆಂಬರ್, ಡಿಸೆಂಬರ್ ಹೊತ್ತಿಗೆ ಪ್ರವಾಹ ಉತ್ತರಕ್ಕೆ ತಿರುಗುತ್ತದೆ, ನೀರು ದಡಕ್ಕೆ ಒತ್ತುತ್ತದೆ, ಮಟ್ಟ ಏರುತ್ತದೆ. ಗಂಗೆಯ ಮುಖದ ಕಡೆ ಇದರ ಉಲ್ಟಾ, ಅಲ್ಲಿ ಮಳೆಗಾಲಕ್ಕೇ ಏರುವುದು. ಆದರೆ ಅಳಿವೆಯ ಒಳಗೆ ಗೋಲು ನೆಟ್ಟರೆ ನೆರೆ ಬಂದಾಗ ಹೊಳೆಯ ನೀರನ್ನು ಅಳೆದಂತಾಗುತ್ತದೆ, ಕಡಲನ್ನಲ್ಲ. ನಮ್ಮ ಮೊದಲ ಜಾಗ ಆ ಲೆಕ್ಕದಲ್ಲೂ ತಪ್ಪೇ.

ಗಾಳಿಯ ಒತ್ತಡವನ್ನೂ ಬರೆದಿಡಿ. ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ. ಈಚಿನ ಫೋನುಗಳಲ್ಲಿ ಕೆಲವಕ್ಕೆ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಸಾಕು.

ಇನ್ನು ಕಳ್ಳಕ್ಕಡಲ್. ಮಲಯಾಳದ ಮೀನುಗಾರರ ಮಾತು ಇದು, ಈಗ ಲೋಕದ ವಿಜ್ಞಾನಿಗಳೂ ಇದನ್ನೇ ಬಳಸುತ್ತಾರೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಕಡಲು ಸುಮ್ನೆ ಮನೆಯಂಗಳಕ್ಕೆ ಬರುತ್ತದೆ, ಕಳ್ಳನ ಹಾಗೆ. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಉದ್ದ ಅಲೆಗಳು ದಿನಗಟ್ಟಲೆ ಓಡಿ ಇಲ್ಲಿಗೆ ಮುಟ್ಟುವುದು ಅದು. ಹೆಚ್ಚಾಗಿ ಮಳೆಗಾಲಕ್ಕೆ ಮೊದಲು. ಟಿವಿಯಲ್ಲಿ ಇದನ್ನೂ ಕಡಲೇರಿಕೆ ಎಂದೇ ಹೇಳಿಬಿಡುತ್ತಾರೆ. ಎರಡು ದಿನಕ್ಕೆ ಇಳಿಯುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 5: ಅಜ್ಜನ ಕಾಲದ ಲೆಕ್ಕ ಇಳಿಸಿಕೊಳ್ಳುವುದು

ನಿಮ್ಮ ಧಕ್ಕೆಯಲ್ಲಿ ಎರಡು ವರ್ಷ ಅಳೆದರೂ ಏರಿಕೆ ಸಿಗುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಒಂದೇ ಜಾಗದ ಲೆಕ್ಕದಿಂದ ನಂಬುವಂಥ ಉತ್ತರ ಬೇಕಿದ್ದರೆ 50, 60 ವರ್ಷ ಬೇಕು. ಅಷ್ಟು ಕಾಯುವ ಬದಲು ಇದ್ದದ್ದನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಪಿಎಸ್‌ಎಂಎಸ್‌ಎಲ್ ಎಂಬ ಸಂಸ್ಥೆ ಇದೆ, 1933ರದ್ದು. ಲೋಕದ ಬಂದರುಗಳ ತಿಂಗಳ ಮತ್ತು ವರ್ಷದ ಸರಾಸರಿಗಳು ಅಲ್ಲಿ ಎಲ್ಲರಿಗೂ ಉಚಿತ. ಮುಂಬಯಿಯ ಅಪೊಲೊ ಬಂದರಿನ ಲೆಕ್ಕ 1878ರಿಂದ, ಕೊಚ್ಚಿಯದು 1939ರಿಂದ ಇದೆ. ಮಂಗಳೂರಿನ ಪಣಂಬೂರಿನದೂ ಇದೆ. ಕಾಸರಗೋಡಿನವರಿಗೆ ಅದೇ ಹತ್ತಿರ, ಆದರೆ ಉದ್ದದ ಲೆಕ್ಕಕ್ಕೆ ಕೊಚ್ಚಿ ವಾಸಿ.

ಫೈಲ್ ತೆರೆದಾಗ ಗಾಬರಿಯಾಗಬೇಡಿ. ಸಂಖ್ಯೆಗಳೆಲ್ಲ 7000ದ ಆಸುಪಾಸು ಇರುತ್ತವೆ. ಎಲ್ಲವೂ ಮಿಲಿಮೀಟರ್. ಋಣ ಸಂಖ್ಯೆ ಬರದಿರಲಿ ಎಂದು ಸೊನ್ನೆಯನ್ನು ಬೇಕೆಂದೇ ಏಳು ಮೀಟರಿನಷ್ಟು ಕೆಳಗೆ ಇಟ್ಟಿದ್ದಾರೆ. ನಡುವೆ ಮೈನಸ್ 99999 ಎಂದು ಕಂಡರೆ ಆ ತಿಂಗಳ ಲೆಕ್ಕ ಇಲ್ಲ ಎಂದರ್ಥ. ಅದನ್ನು ಅಳಿಸಿ ಜಾಗ ಖಾಲಿ ಬಿಡಿ. ಅಳಿಸದೆ ಹೋದರೆ ಅದೊಂದೇ ನಿಮ್ಮ ಗ್ರಾಫನ್ನು ಪಾತಾಳಕ್ಕೆ ಎಳೆಯುತ್ತದೆ. ಒಬ್ಬ ಹುಡುಗ ಅಳಿಸದೆ ಹಾಗೇ ಇಟ್ಟು, ಅರಬ್ಬಿ ಸಮುದ್ರ ಒಂದು ತಿಂಗಳು ಬತ್ತಿಹೋಗಿತ್ತು ಎಂದು ನನಗೆ ತೋರಿಸಿದ್ದ.

ಇನ್ನೊಂದು ಎಚ್ಚರ. ವರ್ಷದಲ್ಲಿ ಜುಲೈ, ಆಗಸ್ಟ್ ಖಾಲಿ ಇದ್ದರೆ ಆ ವರ್ಷದ ಸರಾಸರಿ ತೆಗೆಯಬೇಡಿ. ಕೆಳಗಿನ ತಿಂಗಳುಗಳು ಬಿಟ್ಟುಹೋದರೆ ಸರಾಸರಿ ತಾನಾಗಿ ಮೇಲೆ ಹೋಗುತ್ತದೆ. ಅದರ ಬದಲು ಎಲ್ಲ ಜನವರಿಗಳ ಸರಾಸರಿ, ಎಲ್ಲ ಫೆಬ್ರವರಿಗಳ ಸರಾಸರಿ, ಹೀಗೆ ಹನ್ನೆರಡು ಸಂಖ್ಯೆ ಮಾಡಿಕೊಳ್ಳಿ. ಪ್ರತಿ ತಿಂಗಳ ಲೆಕ್ಕದಿಂದ ಆ ತಿಂಗಳ ಸರಾಸರಿ ಕಳೆಯಿರಿ. ಋತುವಿನ ಆಟ ಹೋಯಿತು. ಉಳಿದದ್ದಕ್ಕೆ ಸ್ಪ್ರೆಡ್‌ಶೀಟಿನಲ್ಲಿ ಸ್ಲೋಪ್ ಸೂತ್ರ ಹಾಕಿ. ಮೊದಲು ಮಟ್ಟದ ಕಾಲಂ, ಆಮೇಲೆ ವರ್ಷದ ಕಾಲಂ. ಬರುವ ಸಂಖ್ಯೆ ವರ್ಷಕ್ಕೆ ಎಷ್ಟು ಮಿಲಿಮೀಟರ್ ಎಂಬುದು.

ಆಮೇಲೆ ಒಂದು ಆಟ ಆಡಿ. ಅದೇ ಲೆಕ್ಕದಲ್ಲಿ ಬರೇ ಹತ್ತು ವರ್ಷ ಆರಿಸಿ ಸ್ಲೋಪ್ ತೆಗೆಯಿರಿ, ಮತ್ತೆ ಬೇರೆ ಹತ್ತು ವರ್ಷ. ಒಮ್ಮೆ ಕಡಲು ಓಡಿ ಏರುತ್ತದೆ, ಒಮ್ಮೆ ಇಳಿಯುತ್ತದೆ. ಎಲ್ ನಿನೋ, ಹಿಂದೂ ಮಹಾಸಾಗರದ ಏರುಪೇರು, ಎಲ್ಲವೂ ಅಲ್ಲಿ ಕೂತಿರುತ್ತವೆ. ಹತ್ತು ವರ್ಷ ಇಟ್ಟುಕೊಂಡು ಯಾರು ಏನನ್ನು ಬೇಕಾದರೂ ಸಾಧಿಸಬಹುದು. ಹಾಗೆ ಸಾಧಿಸುವವರೂ ಇದ್ದಾರೆ.

ಹೆಜ್ಜೆ 6: ನೆಲ ಅಲುಗುತ್ತಿದೆಯಾ?

ಬಂದರಿನ ಮಾಪಕ ಹೇಳುವುದು ನೆಲಕ್ಕೆ ಹೋಲಿಸಿದರೆ ನೀರು ಎಲ್ಲಿದೆ ಎಂದು ಮಾತ್ರ. ನೆಲವೇ ಕೂತರೆ? ಫಿಲಿಪೈನ್ಸಿನ ಮನಿಲಾದಲ್ಲಿ ಅಂತರ್ಜಲ ಎಳೆದೆಳೆದು ನೆಲ ಕೂತಿದೆ, ಅಲ್ಲಿ ಕಡಲು ಓಡಿ ಏರಿದ ಹಾಗೆ ಕಾಣುತ್ತದೆ. ಸ್ಟಾಕ್‌ಹೋಮಿನಲ್ಲಿ 1774ರಿಂದ ಲೆಕ್ಕ ಇದೆ, ಅಲ್ಲಿ ಕಡಲು ಇಳಿಯುತ್ತಾ ಬಂದಿದೆ. ಹಿಂದಿನ ಹಿಮಯುಗದಲ್ಲಿ ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಆ ನೆಲವನ್ನು ಒತ್ತಿ ಕೂರಿಸಿತ್ತು. ಗಡ್ಡೆ ಕರಗಿ ಸಾವಿರಾರು ವರ್ಷವಾದರೂ ನೆಲ ಇನ್ನೂ ಏಳುತ್ತಲೇ ಇದೆ, ಕೂತೆದ್ದ ಮೇಲೆ ಹಾಸಿಗೆಯ ಹತ್ತಿ ನಿಧಾನ ಉಬ್ಬಿದ ಹಾಗೆ.

ಇದನ್ನು ಹಿಡಿಯಲು ಮಾಪಕದ ಪಕ್ಕದಲ್ಲೇ ಬಂಡೆಗೆ ಜಿಪಿಎಸ್ ಆಂಟೆನಾ ಕೂರಿಸಿ ವರ್ಷಗಟ್ಟಲೆ ಬಿಡುತ್ತಾರೆ. ನಮ್ಮ ಫೋನಿನ ಜಿಪಿಎಸ್ ಈ ಕೆಲಸಕ್ಕೆ ಬಾರದು. ಆದರೆ ಒಂದು ತಮಾಷೆ ಅದರಲ್ಲೂ ನೋಡಬಹುದು. ಕಾಸರಗೋಡಿನ ಕಡಲಕರೆಯಲ್ಲಿ ನಿಂತು ಕಚ್ಚಾ ಎತ್ತರ ತೋರಿಸುವ ಜಿಪಿಎಸ್ ಆ್ಯಪ್ ತೆರೆಯಿರಿ. ನೀವು ಎಂಬತ್ತಕ್ಕೂ ಜಾಸ್ತಿ ಮೀಟರ್ ಕೆಳಗೆ ಇದ್ದೀರಿ ಎನ್ನುತ್ತದೆ! ಫೋನ್ ಕೆಟ್ಟಿಲ್ಲ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲ. ಹಿಂದೂ ಮಹಾಸಾಗರದಲ್ಲಿ ನಮ್ಮ ದಕ್ಷಿಣಕ್ಕೆ ಅದು ಕಡಿಮೆ, ಅಲ್ಲಿ ಕಡಲೇ ಒಂದು ದೊಡ್ಡ ತಟ್ಟೆಯ ಹಾಗೆ ತಗ್ಗಾಗಿದೆ. ಅದರ ಮಧ್ಯದಲ್ಲಿ ನೀರಿನ ಮೇಲ್ಮೈ ಲೆಕ್ಕದ ನುಣುಪಾದ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ನಾವು ಆ ತಟ್ಟೆಯ ಇಳಿಜಾರಿನಲ್ಲಿ ಇದ್ದೇವೆ. ಕಡಲು ಸಮತಟ್ಟು ಎಂಬುದೇ ಸುಳ್ಳು ಎಂದ ಹಾಗಾಯಿತು.

ಹೆಜ್ಜೆ 7: ಮೇಲಿನಿಂದ ನೋಡುವುದು

ಬಂದರುಗಳೆಲ್ಲ ದಡದಲ್ಲಿವೆ. ನಡುಗಡಲಿನಲ್ಲಿ ಮೊಳೆ ಹೊಡೆಯಲು ಜಾಗ ಎಲ್ಲಿ? 1992ರಲ್ಲಿ ಟೋಪೆಕ್ಸ್ ಪೊಸೈಡನ್ ಎಂಬ ಉಪಗ್ರಹ ಹಾರಿದ ಮೇಲೆ ಆ ಕೊರತೆ ತೀರಿತು. ಅದು 1336 ಕಿಲೋಮೀಟರ್ ಎತ್ತರದಿಂದ ನೇರ ಕೆಳಕ್ಕೆ ರಾಡಾರ್ ಸಂಕೇತ ಬಿಡುತ್ತಿತ್ತು. ಹೋಗಿ ಬರುವುದಕ್ಕೆ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಸುಮಾರು ಒಂಬತ್ತು ಭಾಗ. ಸುಮಾರು ಹತ್ತು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮತ್ತೆ.

ಕೇಳಲು ಸುಲಭ. ಆದರೆ ಗಾಳಿಯೇ ಸಂಕೇತವನ್ನು ನಿಧಾನ ಮಾಡಿ ಎರಡು ಮೀಟರಿಗೂ ಜಾಸ್ತಿ ತಪ್ಪು ಹಾಕುತ್ತದೆ. ನಮ್ಮ ಕಡೆಯ ತೇವದ ಗಾಳಿ ಇನ್ನೂ ಹತ್ತಾರು ಸೆಂಟಿಮೀಟರ್ ಸೇರಿಸುತ್ತದೆ. ಇದನ್ನೆಲ್ಲ ಒಂದೊಂದಾಗಿ ಅಳೆದು ಕಳೆಯಬೇಕು. ಒಂದು ಓದಿನಲ್ಲಿ ಎರಡು ಮೂರು ಸೆಂಟಿಮೀಟರ್ ತಪ್ಪು ಉಳಿದರೂ ಇಡೀ ಕಡಲಿನ ಲಕ್ಷಗಟ್ಟಲೆ ಓದುಗಳ ಸರಾಸರಿಯಲ್ಲಿ ಮಿಲಿಮೀಟರ್ ಕಾಣುತ್ತದೆ.

ಉಪಗ್ರಹ ಹಳತಾದರೆ ನಮ್ಮ ಓರೆ ಕಂಬದ ಕತೆಯೇ. ಹಾಗಾಗಿ ಹೊಸದನ್ನು ಹಳೆಯದರ ಬೆನ್ನಿಗೇ, ಅದೇ ದಾರಿಯಲ್ಲಿ ತಿಂಗಳುಗಟ್ಟಲೆ ಓಡಿಸಿ ಎರಡರ ಲೆಕ್ಕ ತಾಳೆ ನೋಡುತ್ತಾರೆ. 2001ರಲ್ಲಿ ಜೇಸನ್-1, 2008ರಲ್ಲಿ ಜೇಸನ್-2, 2016ರಲ್ಲಿ ಜೇಸನ್-3, 2020ರಲ್ಲಿ ಸೆಂಟಿನೆಲ್-6, ಹೀಗೆ ಸರಪಳಿ. ಇಸ್ರೋ ಮತ್ತು ಫ್ರಾನ್ಸ್ ಸೇರಿ 2013ರ ಫೆಬ್ರವರಿಯಲ್ಲಿ ಶ್ರೀಹರಿಕೋಟದಿಂದ ಸರಳ್ ಎಂಬುದನ್ನು ಹಾರಿಸಿದರು. ಅದರ ಅಳತೆ ಸರಿಯಾ ಎಂದು ನೋಡಲು ಆರಿಸಿದ ಜಾಗ ಲಕ್ಷದ್ವೀಪದ ಕವರಟ್ಟಿ. ಉಪಗ್ರಹ ಬಂದ ಮೇಲೆ ಬಂದರಿನ ಮಾಪಕ ಬೇಡ ಎನ್ನುವವರಿಗೆ ಒಂದು ಮಾತು: ಟೋಪೆಕ್ಸ್‌ನ ಮೊದಲ ವರ್ಷಗಳ ಲೆಕ್ಕದಲ್ಲಿ ನಿಧಾನ ಜಾರುತ್ತಿದ್ದ ತಪ್ಪನ್ನು ಹಿಡಿದು ಕೊಟ್ಟದ್ದು ದಡದ ಈ ಹಳೆಯ ಕೊಳವೆಗಳೇ. ದಡದ ಹತ್ತಿರದ ಕೆಲವು ಕಿಲೋಮೀಟರಿನಲ್ಲಿ ನೆಲದ ಪ್ರತಿಧ್ವನಿ ಸೇರಿ ಉಪಗ್ರಹದ ಕಣ್ಣು ಮಂಜಾಗುತ್ತದೆ, ಅದೂ ಇದೆ.

ಹೆಜ್ಜೆ 8: ಆ ನೀರು ಎಲ್ಲಿಂದ ಬಂತು?

ಕಡಲು ಏರಲು ಎರಡು ದಾರಿ. ನೀರು ಬಿಸಿಯಾಗಿ ಹಿಗ್ಗುವುದು, ಇಲ್ಲವೇ ಮಂಜುಗಡ್ಡೆ ಕರಗಿ ಹೊಸ ನೀರು ಸೇರುವುದು. ಹಿಗ್ಗುವುದನ್ನು ಅಳೆಯಲು ಆರ್ಗೋ ಎಂಬ ತೇಲುಕೊಳವೆಗಳಿವೆ, ಲೋಕದಲ್ಲೆಲ್ಲ ಸೇರಿ ಸುಮಾರು 4000. ತಾವಾಗಿ 2000 ಮೀಟರ್ ಆಳಕ್ಕೆ ಇಳಿದು, ಬಿಸಿ ಮತ್ತು ಉಪ್ಪು ಅಳೆಯುತ್ತಾ ಮೇಲೆ ಬಂದು, ಹತ್ತು ದಿನಕ್ಕೊಮ್ಮೆ ವರದಿ ಕೊಟ್ಟು ಮತ್ತೆ ಮುಳುಗುತ್ತವೆ. ಹೊಸ ನೀರನ್ನು ತೂಗಲು 2002ರಲ್ಲಿ ಗ್ರೇಸ್ ಎಂಬ ಜೋಡಿ ಉಪಗ್ರಹ ಹೋಯಿತು, 2018ರಲ್ಲಿ ಅದರ ಉತ್ತರಾಧಿಕಾರಿ. ಒಂದರ ಹಿಂದೆ ಒಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಓಡುತ್ತವೆ. ಕೆಳಗೆ ಭಾರ ಜಾಸ್ತಿ ಇರುವ ಕಡೆ ಮುಂದಿನದು ಮೊದಲು ಎಳೆಯಲ್ಪಟ್ಟು ಅಂತರ ಚೂರು ಬದಲಾಗುತ್ತದೆ. ಆ ಚೂರಿನಿಂದ ಗ್ರೀನ್‌ಲ್ಯಾಂಡ್ ಎಷ್ಟು ಹಗುರಾಯಿತು, ಕಡಲು ಎಷ್ಟು ಭಾರವಾಯಿತು ಎಂದು ಲೆಕ್ಕ. ಹಿಗ್ಗಿದ್ದು ಮತ್ತು ಸೇರಿದ್ದು ಕೂಡಿಸಿದರೆ ರಾಡಾರ್ ಕಂಡ ಏರಿಕೆಗೆ ಹೊಂದಬೇಕು. ಅಂಗಡಿಯ ಲೆಕ್ಕಪುಸ್ತಕದ ಹಾಗೆ, ಎರಡೂ ಕಡೆ ಕೂಡಿದರೆ ಮಾತ್ರ ನಂಬಿಕೆ.

ಮಾಪಕಗಳಿಗೂ ಮೊದಲಿನ ಕಾಲಕ್ಕೆ ಹವಳ ಇದೆ. ಕೆಲವು ಜಾತಿಯ ಹವಳ ನೀರಿನ ಮೇಲ್ಮೈಯ ಹತ್ತಿರವೇ ಬದುಕುವುದು. ಬಾರ್ಬಡೋಸ್ ದ್ವೀಪದ ಹೊರಗೆ ಆಳದಲ್ಲಿ ಅಂಥ ಸತ್ತ ಹವಳ ಸಿಕ್ಕಿತು. ಅದರ ವಯಸ್ಸು ತೆಗೆದಾಗ ಸುಮಾರು 20 ಸಾವಿರ ವರ್ಷದ ಹಿಂದೆ ಕಡಲು ಇವತ್ತಿಗಿಂತ 120 ಮೀಟರಿನಷ್ಟು ಕೆಳಗಿತ್ತು ಎಂದು ತಿಳಿಯಿತು. ಅಂದರೆ ಬೇಕಲದ ಕೋಟೆಯಿಂದ ಪಶ್ಚಿಮಕ್ಕೆ ನೋಡಿದರೆ ಕಾಣುವ ನೀರೆಲ್ಲ ಆಗ ನೆಲ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಎಂದು ನಮ್ಮ ಅಜ್ಜಂದಿರು ಹೇಳಿದ್ದು. ಹವಳ ಹೇಳುವುದು ಆಮೇಲೆ ಅದು ಮುಂದೆ ಬಂದ ಕತೆಯನ್ನು.

ತೆಂಗಿನ ಸಾಲನ್ನೂ ಅಳೆಯಿರಿ

ಇದು ಬೇರೆಯೇ ಅಳತೆ, ಆದರೆ ಸುಲಭ. ರಸ್ತೆಯ ಮೋರಿಯಂಥ ಒಂದು ಗಟ್ಟಿ ಗುರುತಿನಿಂದ ಮರಳಿನ ದಂಡೆಯ ಅಂಚಿನ ತನಕ ಟೇಪ್ ಹಿಡಿಯಿರಿ. ವರ್ಷಕ್ಕೆ ನಾಲ್ಕು ಸಲ, ಅದೇ ನೇರದಲ್ಲಿ, ಫೋಟೋ ಸಮೇತ. ಮಳೆಗಾಲದ ಅಲೆ ಮರಳನ್ನು ಕಡಲಿಗೆ ಎಳೆಯುತ್ತದೆ, ಬೇಸಿಗೆಯ ಸಣ್ಣ ಅಲೆ ಒಂದಷ್ಟನ್ನು ವಾಪಸ್ ತರುತ್ತದೆ. ಹೊಳೆಯಿಂದ ಮರಳು ಎತ್ತಿದರೆ, ಪಕ್ಕದಲ್ಲಿ ಕಲ್ಲಿನ ತಡೆ ಕಟ್ಟಿದರೆ, ವಾಪಸ್ ಬರುವುದು ಕಡಿಮೆಯಾಗುತ್ತದೆ. ಜನವರಿಯ ಅಳತೆಯನ್ನು ಜನವರಿಗೇ ಹೋಲಿಸಿ, ಜುಲೈಯನ್ನು ಜುಲೈಗೆ.

ಹೋದ ಮಳೆಗಾಲದಲ್ಲಿ ಎರಡೂ ಪುಸ್ತಕ ಹಿಡಿದು ಆ ಹಿರಿಯರ ಹತ್ತಿರ ಹೋದೆ. ಅಲೆ ಬಂದು ಅವರ ದೋಣಿಯ ಕೊಟ್ಟಿಗೆಯ ಮೆಟ್ಟಿಲಿಗೆ ಬಡಿಯುತ್ತಿತ್ತು. "ಮಟ್ಟದ ಲೆಕ್ಕದಲ್ಲಿ ಕಡಲು ವರ್ಷದಲ್ಲೇ ಕೆಳಗೆ ಇರುವುದು ಹೆಚ್ಚುಕಡಿಮೆ ಈ ತಿಂಗಳುಗಳಲ್ಲೇ" ಎಂದೆ.

ಅವರು ಮೆಟ್ಟಿಲು ನೋಡಿದರು, ನನ್ನ ಪುಸ್ತಕ ನೋಡಿದರು. "ಹಾಗಾದರೆ ಅದನ್ನು ಇವನಿಗೂ ಒಮ್ಮೆ ಓದಿ ಹೇಳಿ ಮಾಷ್ಟ್ರೇ" ಎಂದು ಅಲೆಯ ಕಡೆ ಕೈ ತೋರಿಸಿದರು.